ನಡುದನಿ

ಎರಡು ಹೆಡ್‌ಫೋನೂ ಒಂದೇ ಥರ ಕೇಳಿಸಿಬಿಟ್ಟರೆ ಏನು ಹೇಳುವುದು ಎಂಬ ಯೋಚನೆ ಬೀರೂರು ದಾಟುವಾಗಲೇ ಮಲ್ಲಿಕಾರ್ಜುನಯ್ಯನ ತಲೆ ಹೊಕ್ಕಿತ್ತು. ಕಡೂರಿನಿಂದ ತರೀಕೆರೆಗೆ ಹೋಗುವ ಬೆಳಗಿನ ಬಸ್ಸು. ಕಿಟಕಿಯ ಪಕ್ಕ ಹೆಂಡತಿ ಗುರುಶಾಂತಮ್ಮ, ಅವಳ ಮಡಿಲಲ್ಲಿ ಸ್ನೇಹಿತ ದ್ವಾರಕಾನಾಥನ ಮನೆಗೆಂದು ಆರಿಸಿ ತಂದ ಕೊಬ್ಬರಿಯ ಚೀಲ. ಕಂಡಕ್ಟರ್ ಬಂದು ನಿಂತು ತುಟಿ ಆಡಿಸಿದ. ಮಲ್ಲಿಕಾರ್ಜುನಯ್ಯ "ಹೂಂ" ಅಂದ. ಕಂಡಕ್ಟರ್ ಮತ್ತೆ ತುಟಿ ಆಡಿಸಿದ. ಅಷ್ಟರಲ್ಲಿ ಗುರುಶಾಂತಮ್ಮ ಬಗ್ಗಿ, "ತರೀಕೆರೆಗೆ ಎರಡು ಕೊಡಪ್ಪಾ" ಅಂದಳು. ಅವಳ ದನಿ ದೊಡ್ಡದು. ಬುಕ್ಕಾಂಬುಧಿಯ ಹೆಣ್ಣು, ಕೆರೆಯ ಈ ದಡದಿಂದ ಆ ದಡಕ್ಕೆ ಕೂಗಿ ಅಭ್ಯಾಸ ಎಂದು ಅವನು ನೆಂಟರ ಮುಂದೆ ನಗೆಯಾಡುವುದಿತ್ತು. ಈಚೆಗಂತೂ ಅದು ಇನ್ನೂ ಒರಟಾಗಿ, ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದಾಗ ಅವಳು ಕರೆದರೆ ಅವನಿಗೆ ನಾಚಿಕೆಯಾಗುತ್ತಿತ್ತು. ಮೆತ್ತಗೆ ಮಾತಾಡೇ, ನಾನೇನು ಕಿವುಡನಾ ಎಂದು ಗದರಿದ್ದೂ ಉಂಟು. ಈಗ ಬಸ್ಸಿನ ಗಡಗಡ ಚೆನ್ನಾಗಿಯೇ ಕೇಳುತ್ತಿತ್ತು. ಕಿಟಕಿಯ ಗಾಜು ಚಟಚಟ ಬಡಿಯುವುದು ಕೇಳುತ್ತಿತ್ತು, ಮುಂದಿನ ಸೀಟಿನ ಮಗುವಿನ ಕಾಲ್ಗೆಜ್ಜೆ ಕೂಡ ಕೇಳುತ್ತಿತ್ತು. ಹಾಗಿದ್ದ ಮೇಲೆ ಕಿವಿಗೆ ಏನಾಗಿದೆ, ಏನೂ ಆಗಿಲ್ಲ, ಜನರೇ ಈಗೀಗ ಬಾಯಿ ಬಿಟ್ಟು ಮಾತಾಡುವುದಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಳ್ಳದ ದಿನವೇ ಇರಲಿಲ್ಲ.

ಕಡೂರಿನ ಕೊಬ್ಬರಿ ಮಂಡಿಯಲ್ಲಿ ಅವನ ಹೆಸರು ನಿಂತದ್ದೇ ಕಿವಿಯ ಮೇಲೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತ ತೆಂಗಿನಕಾಯಿಯಲ್ಲಿ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯುವುದಕ್ಕೆ ಇರುವುದು ಒಂದೇ ದಾರಿ, ಕಿವಿಗೆ ಹತ್ತಿರ ಹಿಡಿದು ಅಲುಗಿಸುವುದು. ಎಲ್ಲರೂ ಅಲುಗಿಸುತ್ತಾರೆ. ಮಲ್ಲಿಕಾರ್ಜುನಯ್ಯ ಮಾತ್ರ ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು ಒಟ್ಟಿಗೇ ಅಲುಗಿಸಿ, ಇದು ಆಗಿದೆ, ಇದರ ನಡುವಿನಲ್ಲಿ ಇನ್ನೂ ಹಸಿ ಇದೆ ಎಂದು ಎಡಕ್ಕೊಂದು ಬಲಕ್ಕೊಂದು ಎಸೆಯುತ್ತಿದ್ದ. ವಿದ್ಯುತ್ ಮಂಡಳಿಯ ಇಂಜಿನಿಯರಾಗಿ ಕಡೂರಿಗೆ ವರ್ಗವಾಗಿ ಬಂದ ದ್ವಾರಕಾನಾಥ ಅದನ್ನು ನೋಡಿ ಬೆರಗಾಗಿ ಸ್ನೇಹ ಬೆಳೆಸಿದವನು. ಸಂಜೆ ಮಂಡಿಯ ಬಾಗಿಲು ಹಾಕಿದ ಮೇಲೆ ಸ್ಪೂಲ್ ಟೇಪ್ ರೆಕಾರ್ಡರ್ ಹೊತ್ತು ತಂದು ಸಂಗೀತ ಕಚೇರಿಗಳನ್ನು ಕೇಳಿಸುತ್ತಿದ್ದ. ಒಂದು ದಿನ ಪಿಟೀಲಿನ ತಂತಿ ನಡುವೆ ಒಂದು ಕೂದಲೆಳೆಯಷ್ಟು ಇಳಿದದ್ದನ್ನು ಮಲ್ಲಿಕಾರ್ಜುನಯ್ಯ ಹಿಡಿದಾಗ, "ನಿಮ್ಮದು ಕಿವಿ ಅಲ್ಲ ಸ್ವಾಮಿ, ಅಕ್ಕಸಾಲಿಯ ತಕ್ಕಡಿ" ಅಂದಿದ್ದ. ಮಠದಲ್ಲಿ ಶಾಲು ಹೊದಿಸಿದಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಆ ಮಾತನ್ನು ಅವನು ಹತ್ತು ವರ್ಷದಿಂದ ಬಾಯಲ್ಲಿಟ್ಟುಕೊಂಡ ಕಲ್ಲುಸಕ್ಕರೆಯ ಹಾಗೆ ಸವಿಯುತ್ತ ಬಂದಿದ್ದ. ಕಳೆದ ತಿಂಗಳು ದೇವನೂರಿನ ಚಿಕ್ಕಬೀರಪ್ಪ ಗಾಡಿ ತುಂಬ ಕಾಯಿ ತಂದಾಗ, ಅಲುಗಿಸಿ ನೋಡಿ, ಎಲ್ಲ ಆಗಿದೆ ಇಳಿಸಿ ಅಂದವನು ಅವನೇ. ಒಡೆದರೆ ಅರ್ಧಕ್ಕರ್ಧ ಹಸಿ. ಕೂಲಿಯವರೆಲ್ಲ ಕೈಬಿಟ್ಟು ನಿಂತು ಅವನ ಮುಖ ನೋಡಿದರು. "ನಾನು ನೋಡಿದ್ಮೇಲೆ ಬೆರೆಸಿದೀಯ ಕಣೋ" ಎಂದು ಅವನು ಚಿಕ್ಕಬೀರಪ್ಪನ ಮೇಲೆ ಹರಿಹಾಯ್ದ. ಚಿಕ್ಕಬೀರಪ್ಪ ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ಏನೋ ಹೇಳಿದ. ಏನೆಂದು ಇವನಿಗೆ ತಿಳಿಯಲಿಲ್ಲ. ಆಮೇಲೆ ಆ ಮನುಷ್ಯ ಮಂಡಿಯ ಕಡೆ ತಲೆ ಹಾಕಿಲ್ಲ.

ತರೀಕೆರೆಯ ಬಸ್ ನಿಲ್ದಾಣಕ್ಕೆ ದ್ವಾರಕಾನಾಥನೇ ಬಂದಿದ್ದ. ನಿವೃತ್ತನಾದ ಮೇಲೆ ಮೈ ಇನ್ನೂ ತೆಳ್ಳಗಾಗಿ, ಮಾತು ಇನ್ನೂ ಹೆಚ್ಚಾಗಿತ್ತು. ದಾರಿಯುದ್ದಕ್ಕೂ ಮಾತಾಡಿದ, ಮಲ್ಲಿಕಾರ್ಜುನಯ್ಯ ದಾರಿಯುದ್ದಕ್ಕೂ ಹೂಂಗುಟ್ಟಿದ. ಮನೆಯಲ್ಲಿ ಮುಂಭಾಗದ ಕೋಣೆಯೇ ಅವನ ದೇವರಮನೆ: ಗೋಡೆಗೆ ಒತ್ತಿ ಆಂಪ್ಲಿಫೈಯರು, ಕ್ಯಾಸೆಟ್ ಡೆಕ್ಕು, ಮೇಲೆ ಧೂಳು ಕೂರದಂತೆ ಹೊದಿಸಿದ ಕಸೂತಿ ಬಟ್ಟೆ. ಬಟ್ಟೆ ಸರಿಸಿದಾಗ ಎರಡು ಹೆಡ್‌ಫೋನುಗಳು ಮಲಗಿದ್ದವು. ಒಂದು ಕರಿಯದು, ಭಾರ, ಕಿವಿಯನ್ನು ಪೂರಾ ಮುಚ್ಚುವ ಚರ್ಮದ ದಿಂಬಿನದು, ಜಪಾನಿನದು, ಮದ್ರಾಸಿನಿಂದ ತರಿಸಿದ್ದು. ಇನ್ನೊಂದು ಹಗುರ, ಕಿವಿಯ ಮೇಲೆ ಹಳದಿ ಸ್ಪಂಜು ಕೂರುವಂಥದು, ಜರ್ಮನಿಯಲ್ಲಿರುವ ತಮ್ಮ ಕಳಿಸಿದ್ದು. ದ್ವಾರಕಾನಾಥ ಅವನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತದ್ದರಿಂದ ಈಗ ಮಾತು ತಿಳಿಯತೊಡಗಿತು.

"ಒಂದನ್ನ ಇಟ್ಕೋತೀನಿ, ಇನ್ನೊಂದನ್ನ ಕೊಟ್ಬಿಡ್ತೀನಿ. ಯಾವುದು ಅನ್ನೋದು ನಿಮಗೆ ಬಿಟ್ಟಿದ್ದು. ಬಾಸು ಟ್ರೆಬಲ್ಲು ಎರಡರಲ್ಲೂ ಸೊಗಸಾಗಿದೆ, ಅದರ ಮಾತು ಬೇಡ. ನನಗೆ ಬೇಕಾದ್ದು ಮಿಡ್‌ರೇಂಜು. ಮೃದಂಗದ ಎಡಗಡೆಗಿಂತ ಮೇಲೆ, ತಾಳದ ಕಿಣಿಗಿಂತ ಕೆಳಗೆ, ಆ ನಡು ಇದೆಯಲ್ಲ, ಮನುಷ್ಯನ ಕಂಠ ಇರೋದೇ ಅಲ್ಲಿ. ನಾವು ಮಾತಾಡೋದೆಲ್ಲ ಅಲ್ಲೇ. ಅದು ಸರಿಯಿಲ್ಲದಿದ್ರೆ ಎಂಥಾ ಯಂತ್ರ ಆದ್ರೂ ದಂಡ."

ಅದೇ ಹೊತ್ತಿಗೆ ಅವನ ಹೆಂಡತಿ ಶಾರದಾಂಬಾ ಕಾಫಿ ತಂದಳು. ಐವತ್ತಕ್ಕೆ ಹತ್ತಿರವಾದ, ನಗುವಾಗ ಈಗಲೂ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ ಹೆಂಗಸು. ಹಿಂದೆ ಬೀರೂರಿನ ರಾಮನವಮಿಯಲ್ಲಿ ಅವಳು ಹಾಡಿದ್ದನ್ನು ಮಲ್ಲಿಕಾರ್ಜುನಯ್ಯ ಕೇಳಿದ್ದ. ಆ ದನಿ ಬೆಲ್ಲದ ಪಾಕ ಎಳೆ ಬಂದ ಹಾಗೆ ಇತ್ತು. ಎದ್ದು ಹೋಗಿ ಹಾಗೆಂದು ಹೇಳಿಯೂ ಇದ್ದ. ಟೇಪಿನಲ್ಲಿರುವುದು ಅವಳದೇ ಹಾಡು ಎಂದು ದ್ವಾರಕಾನಾಥ ಹೇಳಿದ. ಬರುವ ಸೋಮವಾರ ಭದ್ರಾವತಿಯಲ್ಲಿ ಅವಳಿಗೆ ರೇಡಿಯೋದವರ ಧ್ವನಿಪರೀಕ್ಷೆ. ಮಕ್ಕಳು, ಅತ್ತೆಯ ಆರೈಕೆ, ಮಾವನ ಕಾಯಿಲೆ ಎಲ್ಲ ಮುಗಿದು ಈಗ ಮೊದಲ ಸಲ ಅರ್ಜಿ ಹಾಕಿದ್ದಳು. ಶಾರದಾಂಬಾ ಲೋಟ ಇಡುತ್ತ, "ನಿಮ್ಮ ಕಿವಿಗೆ ಹೆದರ್ಕೊಂಡೇ ಹಾಡಿದೀನಿ. ನೀವು ಕೇಳಿ ಚೆನ್ನಾಗಿದೆ ಅಂದ್ರೆ ಧೈರ್ಯವಾಗಿ ಹೋಗ್ತೀನಿ, ಇಲ್ಲದಿದ್ರೆ ಮನೇಲಿರ್ತೀನಿ" ಅಂದಳು. ಅವಳ ಮಾತು ಅವನಿಗೆ ಪೂರ್ತಿ ಸಿಗಲಿಲ್ಲ. ಗುರುಶಾಂತಮ್ಮ ಪಕ್ಕದಿಂದ, "ನೋಡಿ, ನಿಮ್ಮ ಮಾತಿನ ಮೇಲೆ ಭದ್ರಾವತಿಗೆ ಹೋಗ್ತಾರಂತೆ" ಎಂದು ತನ್ನ ದೊಡ್ಡ ಗಂಟಲಲ್ಲಿ ಹೇಳಿದಾಗ ತಿಳಿಯಿತು. ಅವನಿಗೆ ಹೆಮ್ಮೆಯಾಯಿತು, ಆದರೂ ಕಾಫಿ ಮುಗಿಸುವುದನ್ನು ಆದಷ್ಟು ಎಳೆದ.

ಮೊದಲು ಜಪಾನಿನದನ್ನು ಹಾಕಿಕೊಂಡ. ಚರ್ಮದ ದಿಂಬು ಕಿವಿಯನ್ನು ಅಮುಕಿತು. ತಂಬೂರಿಯ ಝೇಂಕಾರ ಎದ್ದಿತು, ದುಂಡಗೆ, ಹತ್ತಿರದಲ್ಲಿ. ಹಾಡು ಬಂತು. ಬೀರೂರಿನಲ್ಲಿ ಕೇಳಿದ ದೇವರನಾಮವೇ. ಎರಡನೆಯ ಸಾಲಿನಲ್ಲಿ ಅವಳು ಎಳೆಯುವ ಎಳೆತ, ಮೂರನೆಯದರಲ್ಲಿ ನಿಂತು ಉಸಿರು ತೆಗೆಯುವುದು ಎಲ್ಲ ಅವನಿಗೆ ಗೊತ್ತು. ಅವನು ಕಣ್ಣು ಮುಚ್ಚಿ ತಲೆದೂಗಿದ, ತಲೆದೂಗಿದ್ದು ನಟನೆಯಲ್ಲ. ನೆಮ್ಮದಿಯಾಯಿತು. ಬಸ್ಸಿನಲ್ಲಿ ಸುಮ್ಮನೆ ಹೆದರಿದ್ದೆ ಅನ್ನಿಸಿತು. ಕಣ್ಣು ತೆರೆದರೆ ಎದುರಿಗೆ ಶಾರದಾಂಬಾ ಹಳದಿ ಸ್ಪಂಜಿನದನ್ನು ಗುರುಶಾಂತಮ್ಮನ ತಲೆಗೆ ಹಾಕುತ್ತಿದ್ದಳು, ತುರುಬಿಗೆ ಸಿಕ್ಕಿದ್ದನ್ನು ಬಿಡಿಸಿ. ಎರಡಕ್ಕೂ ಒಂದೇ ಹಾಡು ಹೋಗುತ್ತಿತ್ತು. ಗುರುಶಾಂತಮ್ಮ ಮೊದಲು ನಾಚಿದಳು, ಆಮೇಲೆ ಅಲುಗಾಡದೆ ಕೂತಳು, ಆಮೇಲೆ ಅವಳ ಕಣ್ಣು ತುಂಬಿತು. ಅವನು ತನ್ನದನ್ನು ಕಿವಿಯಿಂದ ಇಳಿಸುವಷ್ಟರಲ್ಲಿ ಅವಳು ಅದನ್ನು ತೆಗೆದು ಶಾರದಾಂಬಾಳ ಕೈಗೆ ಕೊಟ್ಟು, "ನೀವು ಎದುರಿಗೇ ಕೂತು ಹಾಡ್ದಂಗೈತಲ್ರೀ, ನಮ್ಮವ್ವನ ನೆನಪಾಗಿಬಿಡ್ತು" ಅಂದಳು. ಶಾರದಾಂಬಾ ಸೆರಗು ಬಾಯಿಗೆ ತಂದುಕೊಂಡಳು. ಮಲ್ಲಿಕಾರ್ಜುನಯ್ಯನಿಗೆ ಸ್ವಲ್ಪ ಕಿರಿಕಿರಿಯಾಯಿತು. ಇವಳನ್ನು ಯಾರು ಕೇಳಿದರು.

ಆಮೇಲೆ ಜರ್ಮನಿಯದು. ಅಷ್ಟರಲ್ಲಿ ಮೊದಲ ಹಾಡು ಮುಗಿದು ಎರಡನೆಯದು ಶುರುವಾಗಿತ್ತು, ಅವನು ಎಂದೂ ಕೇಳಿರದ ಹಾಡು. ತಂಬೂರಿ ಇತ್ತು. ತಾಳದ ಕಿಣಿ ಇತ್ತು. ಎಲ್ಲೋ ದೂರದಲ್ಲಿ ಸ್ಸ್, ಚ್ಚ್ ಎಂದು ನಾಲಗೆಯ ತುದಿ ಹಲ್ಲಿಗೆ ತಾಗುವ ಸದ್ದು ಬಂದು ಬಂದು ಹೋಗುತ್ತಿತ್ತು. ಅವೆರಡರ ನಡುವೆ ಯಾರೂ ಇರಲಿಲ್ಲ. ಅವನು ಗುಂಡಿ ತಿರುಗಿಸಿ ಜೋರು ಮಾಡಿದ. ತಂಬೂರಿ ಜೋರಾಯಿತು. ಇನ್ನೂ ತಿರುಗಿಸಿದ. ಬಾಗಿಲ ಆಚೆ ಹೆಂಗಸು ಪಿಸುಗುಟ್ಟಿದಷ್ಟು ಏನೋ ಬಂತು, ಪದವಿಲ್ಲ, ಮೈಯಿಲ್ಲ. ಇದರ ನಡು ಖಾಲಿ, ಜರ್ಮನಿಯವರು ಕೆಟ್ಟರು ಎಂದು ಮನಸ್ಸಿನಲ್ಲೇ ತೀರ್ಪು ಬರೆದು, ಮತ್ತೆ ಜಪಾನಿನದನ್ನು ಎತ್ತಿಕೊಂಡ. ಅದೇ ಹಾಡು. ತಂಬೂರಿ, ಕಿಣಿ, ಸ್ಸ್, ಚ್ಚ್. ಮತ್ತೆ ಜರ್ಮನಿಯದು. ಮತ್ತೆ ಜಪಾನಿನದು. ಎರಡು ಕಾಯಿ ಹಿಡಿದು ಅಲುಗಿಸುವವನ ಹಾಗೆ ಅವನು ಒಂದನ್ನು ತೆಗೆದು ಒಂದನ್ನು ಹಾಕುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡದ ಎರಡು ದೇಶದ ಜನ ಮಾಡಿದ ಎರಡು ಯಂತ್ರದಲ್ಲಿ ಒಂದೇ ಜಾಗದಲ್ಲಿ ಒಂದೇ ಅಳತೆಯ ತೂತು ಇರುವುದಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಹಾಗಾದರೆ ಮೊದಲ ಹಾಡು? ಅದನ್ನು ತಾನು ಕೇಳಿರಲೇ ಇಲ್ಲ. ಬೀರೂರಿನಲ್ಲಿ ಕೇಳಿ ಇಟ್ಟುಕೊಂಡಿದ್ದನ್ನು ತಲೆ ತಾನೇ ಹಾಡಿಕೊಂಡಿತ್ತು.

ಅವನ ಅಪ್ಪ ಶಿವಮೂರ್ತಪ್ಪನಿಗೆ ಐವತ್ತು ದಾಟಿದ ಮೇಲೆ ಹೀಗೇ ಆಗಿತ್ತು. ಮಂಡಿಯಲ್ಲಿ ಕೆಪ್ಪಣ್ಣ ಅನ್ನುತ್ತಿದ್ದರು. ಮುಖದೆದುರೇ ಮೆಲ್ಲಗೆ ಒಂದು ಬೈಗುಳ ಅಂದು, ಹಿಂದೆಯೇ ಜೋರಾಗಿ "ಏನ್ ಯಜಮಾನ್ರೇ, ದರ ಹೆಂಗೆ" ಎಂದು ಕೇಳುವರು. ಅಪ್ಪ ಎರಡಕ್ಕೂ ನಗುತ್ತಿದ್ದ. ಮಗನಾದ ತಾನು ಗಲ್ಲಾದ ಪಕ್ಕ ಕೂತು, ಬೈದವರ ಜೊತೆ ಸೇರಿ ನಕ್ಕದ್ದೂ ಉಂಟು. ಒಂದು ಸಲವಾದರೂ ಎದ್ದು ಯಾರ ಕೊರಳಪಟ್ಟಿಯನ್ನೂ ಹಿಡಿಯಲಿಲ್ಲ. ಈಗ ಆ ಹೆಸರು ತಿರುಗಿ ಮನೆಗೆ ಬರುತ್ತದೆ. ತಕ್ಕಡಿ ಹೋಗಿ ಕೆಪ್ಪ. ಅವನಿಗೆ ಬೆವರು ಕಿತ್ತುಕೊಂಡು ಬಂತು, ಚರ್ಮದ ದಿಂಬಿನ ಕೆಳಗೆ ಕಿವಿ ತೊಯ್ದು ಅಂಟತೊಡಗಿತು. ಮತ್ತೆ ಜರ್ಮನಿಯದನ್ನು ಹಾಕಿಕೊಂಡು ಗುಂಡಿಯನ್ನು ಇನ್ನೂ ಒಂದು ಸುತ್ತು ತಿರುಗಿಸಿದ. ದ್ವಾರಕಾನಾಥ ತಟಕ್ಕನೆ ತಲೆಯೆತ್ತಿ ಗುಂಡಿಯನ್ನು ನೋಡಿದ, ಅವನ ಮುಖ ನೋಡಿದ. ಗುರುಶಾಂತಮ್ಮ ತಲೆ ತಗ್ಗಿಸಿ ಬಳೆ ತಿರುಗಿಸಿಕೊಳ್ಳುತ್ತಿದ್ದಳು. ಮಲ್ಲಿಕಾರ್ಜುನಯ್ಯ ಹೆಡ್‌ಫೋನು ತೆಗೆದ.

"ಅಷ್ಟು ಜೋರು ಬೇಕಾ ಸ್ವಾಮಿ?" ಎಂದು ದ್ವಾರಕಾನಾಥ ಕೇಳಿದ.

"ನಡು ಹಿಡೀಬೇಕಾದ್ರೆ ಜೋರಿಟ್ಟೇ ನೋಡ್ಬೇಕು" ಎಂದು ಮಲ್ಲಿಕಾರ್ಜುನಯ್ಯ ಗಂಭೀರವಾಗಿ ಹೇಳಿದ. ಎಂಥ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು. ದ್ವಾರಕಾನಾಥನ ಹುಬ್ಬು ಮಾತ್ರ ಇನ್ನೂ ಇಳಿದಿರಲಿಲ್ಲ. ಅವನು ಏನನ್ನೋ ಕೂಡಿಸಿ ಕಳೆಯುತ್ತಿದ್ದ. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಲೆಕ್ಕ ಮುಗಿಸಿಬಿಡುತ್ತಾನೆ, ಮುಗಿಸಿ ಮುಖದಲ್ಲಿ ಒಂದು ಕನಿಕರ ತಂದುಕೊಳ್ಳುತ್ತಾನೆ. ಆ ಕನಿಕರವನ್ನು ಮಲ್ಲಿಕಾರ್ಜುನಯ್ಯ ಈಗಲೇ ಕಂಡಂತೆ ಹೆದರಿದ. ಕಂಡು ತಾಳಲಾರೆ ಅನ್ನಿಸಿತು. ದೇವನೂರಿನ ಗಾಡಿಯ ಮುಂದೆ ನಿಂತಾಗ ಬಾಯಿಗೆ ಬಂದಂಥದೇ ಮಾತು ಈಗಲೂ ಬಾಯಿಗೆ ಬಂತು.

"ಯಂತ್ರದ್ದೇನೂ ತಪ್ಪಿಲ್ಲ" ಅಂದ. "ಎರಡೂ ಒಳ್ಳೇವೇ. ಇವರ ದನೀಲೇ ನಡು ಇಲ್ಲ. ಹಿಂದೆ ಇತ್ತು. ಈಗ ಅಂಚು ಉಳಿದೈತೆ ಅಷ್ಟೇ."

ಗುರುಶಾಂತಮ್ಮ ತಲೆಯೆತ್ತಿ ಅವನನ್ನು ನೋಡಿದಳು. "ಅವಳೇನೋ ಹೇಳಿದ್ಲು ಅಂತ ಮನಸ್ಸಿಗೆ ಹಚ್ಕೋಬೇಡಿ, ಅವಳಿಗೇನು ಗೊತ್ತು" ಎಂದು ಅವನು ಇನ್ನೂ ಒಂದು ಮಾತು ಸೇರಿಸಿದ. ಶಾರದಾಂಬಾ ನಕ್ಕಳು. ಬಾಯಿಗೆ ಸೆರಗು ತಂದುಕೊಳ್ಳದೆ ನಕ್ಕಳು, ಅದೊಂದೇ ವ್ಯತ್ಯಾಸ. ಅವಳು ಎದುರಿಗೆ ನಿಂತು ಬಿಡಿಸಿ ಹೇಳಿದ್ದರಿಂದ ಅವಳ ಮಾತು ಅವನಿಗೆ ತುಟಿಯಿಂದಲೇ ತಿಳಿಯಿತು. "ವಯಸ್ಸಾಯ್ತಲ್ಲ, ಕಂಠ ಬತ್ತಿರತ್ತೆ. ನೀವು ಹೇಳಿದ್ದು ಒಳ್ಳೇದೇ ಆಯ್ತು. ಅಲ್ಲಿ ಹೋಗಿ ಅನ್ನಿಸ್ಕೊಳ್ಳೋ ಬದಲು ಮನೇಲೇ ಅನ್ನಿಸ್ಕೊಂಡೆ." ದ್ವಾರಕಾನಾಥ ಕ್ಯಾಸೆಟ್ಟು ನಿಲ್ಲಿಸಿ ಗಲ್ಲ ಕೆರೆದುಕೊಂಡ. ಹೆಂಡತಿಯ ಮುಖ ನೋಡಿ, ಸ್ನೇಹಿತನ ಮುಖ ನೋಡಿ, ಕೊನೆಗೆ, "ನನಗೂ ಒಳಗೊಳಗೇ ಅನ್ನಿಸಿತ್ತು. ಹೇಳೋದು ಹೇಗೆ ಅಂತ ಸುಮ್ಮನಿದ್ದೆ" ಅಂದ. ಅನ್ನಿಸಿರಲಿಲ್ಲ. ಅನ್ನಿಸಿದ್ದರೆ ಅವಳಿಗೆ ಅರ್ಜಿ ತುಂಬಿಕೊಟ್ಟು, ದಿನವೂ ಶ್ರುತಿಪೆಟ್ಟಿಗೆ ಹಿಡಿದು ಕೂರುತ್ತಿರಲಿಲ್ಲ. ಕಿವಿಯಿಲ್ಲದವನು ಎಂದು ಅನ್ನಿಸಿಕೊಳ್ಳುವ ಭಯ ಅವನಿಗೂ ಇತ್ತು, ಅಷ್ಟೇ. ಮಲ್ಲಿಕಾರ್ಜುನಯ್ಯನಿಗೆ ಅದು ತಿಳಿಯಿತು, ತಿಳಿದು ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ಹೇಸಿಗೆಯಾಯಿತು.

"ಹಾಗಾದ್ರೆ ಯಾವುದನ್ನ ಇಟ್ಕೊಳ್ಲಿ?" ಎಂದು ದ್ವಾರಕಾನಾಥ ಎರಡನ್ನೂ ಎತ್ತಿ ಹಿಡಿದು ಕೇಳಿದ.

"ಜರ್ಮನೀದು" ಅಂದ ಮಲ್ಲಿಕಾರ್ಜುನಯ್ಯ, ಬಾಯಿಗೆ ಬಂದದ್ದನ್ನು.

ಊಟಕ್ಕೆ ಹೋಳಿಗೆ ಮಾಡಿದ್ದಳು ಶಾರದಾಂಬಾ. ಇನ್ನೊಂದು ಹಾಕಿಸಿಕೊಳ್ಳಿ ಎಂದು ಒತ್ತಾಯವನ್ನೂ ಮಾಡಿದಳು. ಅವಳು ಅಡಿಗೆಮನೆಯಲ್ಲಿ ಕೆಲಸ ಮಾಡುತ್ತ ಗುನುಗುವವಳು ಎಂದು ದ್ವಾರಕಾನಾಥ ಹಿಂದೆ ಹೇಳುತ್ತಿದ್ದ. ಈಗ ಒಳಗಿನಿಂದ ಪಾತ್ರೆಯ ಸದ್ದು ಮಾತ್ರ ಬರುತ್ತಿತ್ತು. ಗುನುಗುತ್ತಿದ್ದಾಳೋ ಇಲ್ಲವೋ ಎಂದು ತಿಳಿಯುವ ಉಪಾಯ ಅವನಿಗೆ ಇರಲಿಲ್ಲ. ದ್ವಾರಕಾನಾಥನ ಮುಖ ನೋಡಿ ತಿಳಿಯೋಣವೆಂದರೆ ಅವನು ಎಲೆಯ ಮೇಲೆ ಬಗ್ಗಿದ್ದ. ಹೊರಡುವಾಗ ಶಾರದಾಂಬಾ ಗುರುಶಾಂತಮ್ಮನಿಗೆ ಕುಂಕುಮ ಕೊಟ್ಟಳು, ಇಬ್ಬರೂ ಬಾಗಿಲ ಹಿಂದೆ ಒಂದಷ್ಟು ಹೊತ್ತು ಕೈ ಹಿಡಿದುಕೊಂಡು ನಿಂತಿದ್ದರು. ಮಲ್ಲಿಕಾರ್ಜುನಯ್ಯ ಚಪ್ಪಲಿ ಮೆಟ್ಟಿ ಬೀದಿಯಲ್ಲಿ ಕಾದ. ಅವನಿಗೆ ಆ ಮನೆಯ ಕಡೆ ತಿರುಗಿ ನೋಡುವ ಮನಸ್ಸಾಗಲಿಲ್ಲ.

ನಿಲ್ದಾಣದಲ್ಲಿ ಕಡೂರಿನ ಬಸ್ಸು ಇನ್ನೂ ಇಂಜಿನ್ ಹಾಕದೆ ನಿಂತಿತ್ತು. ಡ್ರೈವರ್ ಎಲೆಅಡಿಕೆ ಹಾಕಿಕೊಳ್ಳಲು ಹೋಗಿದ್ದ. ಒಳಗೆ ಮುಂದುಗಡೆ ಒಬ್ಬ ಮುದುಕ ನಿದ್ದೆ ಹೋಗಿದ್ದ, ಮತ್ತೆ ಯಾರೂ ಇಲ್ಲ. ಗುರುಶಾಂತಮ್ಮ ಕಿಟಕಿಯ ಪಕ್ಕ ಕೂತಳು, ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿದಳು, ಮತ್ತೆ ಬಿಡಿಸಿದಳು. ಆಮೇಲೆ ಅವನ ಕಡೆ ಪೂರ್ತಿ ತಿರುಗಿ, ಕಿವಿಗೆ ಬಾಯಿ ಹತ್ತಿರ ತಂದು ಮಾತಾಡಿದಳು. ದನಿ ಎತ್ತಲಿಲ್ಲ, ಒಂದೊಂದೇ ಪದ ಇಟ್ಟಳು.

"ಎಷ್ಟು ಜೋರಿಟ್ಟಿದ್ರಿ ಗೊತ್ತಾ? ಆ ಸ್ಪಂಜಿಂದ ಹಾಡೆಲ್ಲ ಹೊರಗೆ ಬರ್ತಿತ್ತು. ಗೋಡೆ ಹತ್ರ ಕೂತಿದ್ದ ನಂಗೆ ಅಕ್ಷರ ಅಕ್ಷರ ಕೇಳ್ತಿತ್ತು. ನಿಮಗೊಬ್ರಿಗೇ ಕೇಳ್ಲಿಲ್ಲ."

"ಬಾಯ್ಮುಚ್ಕಂಡು ಕೂತ್ಕೋ."

"ಮುಚ್ಕಂಡೇ ಇದ್ದೆ ಕಣ್ರೀ. ಐದಾರು ವರ್ಷದಿಂದ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳ್ಕಂಡು ಬಂದಿದೀನಿ. ಮೊದಲನೇ ಸಲಕ್ಕೆ ನೀವು ಹೂಂ ಅಂತೀರ, ಎರಡನೇ ಸಲಕ್ಕೆ ಕೇಳಿಸ್ಕಂತೀರ. ಗಂಟಲು ದೊಡ್ಡದು ಮಾಡ್ಕಂಡೆ. ಗಯ್ಯಾಳಿ ಅಂದ್ರು, ಅನ್ನಿಸ್ಕಂಡೆ. ಯಜಮಾನ್ರ ಎದುರಿಗೆ ನಿಂತೇ ಮಾತಾಡು ಅಂತ ಮಂಡಿ ಮೇಸ್ತ್ರಿಗೆ ಹೇಳ್ಕೊಟ್ಟೆ, ಅವನು ಉಳಿದೋರಿಗೆ ಹೇಳ್ಕೊಟ್ಟ. ಎಲ್ರಿಗೂ ಗೊತ್ತು. ನಿಮಗೆ ಮುಖಭಂಗ ಆಗಬಾರ್ದು ಅಂತ ಸುಮ್ನಿದೀವಿ."

ಎಲ್ಲರಿಗೂ ಗೊತ್ತು. ಮಲ್ಲಿಕಾರ್ಜುನಯ್ಯ ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಹಿಡಿದುಕೊಂಡ. ಚಿಕ್ಕಬೀರಪ್ಪನ ಗಾಡಿಯ ಮುಂದೆ ಕೂಲಿಯವರೆಲ್ಲ ಕೈಬಿಟ್ಟು ನಿಂತು ತನ್ನನ್ನು ನೋಡಿದ್ದು ಯಾಕೆಂದು ಈಗ ತಿಳಿಯಿತು. ಅವರಿಗೆ ಅನುಮಾನ ಇದ್ದದ್ದು ಆ ರೈತನ ಮೇಲಲ್ಲ. ಅವರು ನೋಡಿದ್ದು ತನ್ನ ಕಿವಿಯನ್ನು. ಅಪ್ಪನ ಎದುರಿಗೆ ಕನಿಷ್ಠ ನಗುತ್ತಿದ್ದರು. ತನ್ನ ಎದುರಿಗೆ ನಗುವುದನ್ನೂ ಬಿಟ್ಟು, ಮಗುವಿನ ಎದುರು ನಡೆದುಕೊಳ್ಳುವ ಹಾಗೆ ನಡೆದುಕೊಂಡಿದ್ದರು. ಅವನಿಗೆ ಹೆಂಡತಿಯ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು, ಅವಳ ಮಡಿಲಲ್ಲಿ ತಲೆಯಿಟ್ಟು ಅಳಬೇಕು ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

"ನಂಗೆ ಗೊತ್ತು, ಮಂಡಿಯೋರಿಗೆ ಗೊತ್ತು" ಎಂದಳು ಗುರುಶಾಂತಮ್ಮ. "ಆ ಹೆಣ್ಮಗಳಿಗೆ ಗೊತ್ತಿಲ್ಲ. ತನ್ನ ಕಂಠಾನೇ ಹೋಯ್ತು ಅಂದ್ಕಂಡವ್ರೆ. ಬಾಗಿಲ ಹಿಂದೆ ನನ್ನ ಕೈ ಹಿಡ್ಕಂಡು, ನೀವು ಸುಮ್ನೆ ಸಂತೋಷಕ್ಕೆ ಚೆನ್ನಾಗೈತೆ ಅಂದ್ರಾ ಅಂತ ಕೇಳಿದ್ರು. ನಾನು ಏನು ಹೇಳ್ಲಿ? ನಿಮ್ಮ ಮಾನ ಕಾಯೋಣ ಅಂತ ಹೂಂ ಅಂದ್ಬಿಟ್ಟೆ. ನಂದೂ ಪಾಪವೇ." ಅವಳು ಉಸಿರು ಎಳೆದುಕೊಂಡಳು. "ಇಳೀರಿ, ವಾಪಸ್ ಹೋಗೋಣ. ಇನ್ನೊಂದು ಬಸ್ಸು ಐತೆ. ದೋಷ ನನ್ನ ಕಿವೀದು, ನಿಮ್ಮ ಕಂಠದ್ದಲ್ಲ, ನೀವು ಭದ್ರಾವತಿಗೆ ಹೋಗಿ ಅಂತ ಅಷ್ಟೇ ಒಂದು ಮಾತು ಹೇಳಿ ಬನ್ನಿ. ನಾನೂ ಜೊತೇಗೆ ಬತ್ತೀನಿ."

ಇಂಜಿನ್ ಹಾಕದ ಬಸ್ಸಿನ ಒಳಗೆ, ಕಿವಿಗೆ ತಾಗುವಷ್ಟು ಹತ್ತಿರದಿಂದ, ವರ್ಷಗಳಿಂದ ಕೇಳಿ ಬಲ್ಲ ದನಿಯಲ್ಲಿ ಆ ಮಾತು ಒಂದು ಅಕ್ಷರವೂ ಉದುರದೆ ಅವನನ್ನು ಮುಟ್ಟಿತು. ಎಷ್ಟೋ ದಿನದ ಮೇಲೆ ಮನುಷ್ಯರ ದನಿಯೊಂದು ಪೂರ್ತಿಯಾಗಿ, ಮೈತುಂಬಿಕೊಂಡು ಅವನಿಗೆ ಕೇಳಿಸಿತ್ತು. ಅವಳ ದನಿ ಒರಟಲ್ಲ ಎಂಬುದೂ, ಒಳಗೆ ಎಲ್ಲೋ ನವುರಾಗಿದೆ ಎಂಬುದೂ ಅವನಿಗೆ ಗೊತ್ತಾಯಿತು. ದ್ವಾರಕಾನಾಥನ ಬಾಗಿಲು ಕಣ್ಣ ಮುಂದೆ ಬಂತು. ಅದನ್ನು ತಟ್ಟುವುದು, ಅವನು ತೆರೆಯುವುದು, ಲೆಕ್ಕ ಕೂಡಿ ಅವನ ಮುಖದಲ್ಲಿ ಆ ಕನಿಕರ ಮೂಡುವುದು, ನಾಳೆಗೆ ಅದು ಬೀರೂರು ದಾಟಿ ಕಡೂರು ಮುಟ್ಟುವುದು. ಮೂರು ಬೀದಿ ದೂರ, ಊಟದ ಬಿಸಿ ಇನ್ನೂ ಹೊಟ್ಟೆಯಲ್ಲಿತ್ತು. ಎದ್ದರೆ ಆಯಿತು. ಅವನು ಸರಳನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ.

"ಏನಂದೆ?" ಎಂದು ಕೇಳಿದ. "ಕೇಳ್ಲಿಲ್ಲ."

ಗುರುಶಾಂತಮ್ಮ ಅವನ ಮುಖವನ್ನೇ ನೋಡಿದಳು. ಹೇಳುವುದಕ್ಕೆಂದು ಬಾಯಿ ತೆರೆದಳು. ಆಮೇಲೆ ಮುಚ್ಚಿ, ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ಎರಡನೆಯ ಸಲ ಹೇಳಲಿಲ್ಲ.